ಅರ್ಧಕ್ಕೆ ನಿಂತ ಕೆಲಸ ಯಾರದು?

ದಾನ ಕೊಡುವುದು ಹೆಚ್ಚೋ, ಕೊಟ್ಟ ದಾನವನ್ನು ಕಾಪಾಡುವುದು ಹೆಚ್ಚೋ ಎಂಬ ಪ್ರಶ್ನೆಗೆ ಕನ್ನಡನಾಡಿನ ದಾನಶಾಸನಗಳು ಸಂದೇಹಕ್ಕೆಡೆಯಿಲ್ಲದಂತೆ ಉತ್ತರ ಹೇಳಿವೆ. ತಾನಿತ್ತುದಕ್ಕಿಂತ ಪರರಿತ್ತುದನ್ನು ಪಾಲಿಸಿದವನಿಗೆ ಇಮ್ಮಡಿ ಪುಣ್ಯವೆಂಬುದು ಅವುಗಳ ಕೊನೆಯ ಶ್ಲೋಕಗಳ ಅಭಿಪ್ರಾಯ. ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ತಿರುವಿದವರಿಗೆ ಈ ಮಾತು ಹೊಸದಲ್ಲ. ಗುಬ್ಬಿಯಲ್ಲಾಗಲಿ ಕುಣಿಗಲಿನಲ್ಲಾಗಲಿ ಕೆರೆಯ ಏರಿ ಬಿರಿದರೆ, ಕಟ್ಟಿಸಿದವನ ವಂಶಸ್ಥರು ಬರುವರೆಂದು ಗದ್ದೆಗಳು ಕಾದುಕೊಂಡಿರಲಾರವಷ್ಟೆ.

ಈ ಹಳೆಯ ಪ್ರಶ್ನೆ ಈಗ ಹೊಸದೊಂದು ಕ್ಷೇತ್ರದಲ್ಲಿ ತಲೆಯೆತ್ತಿದೆ. ಗಣಕಯಂತ್ರಗಳನ್ನು ನಡೆಸುವ ತಂತ್ರಾಂಶಗಳಲ್ಲಿ ಮುಕ್ತ ತಂತ್ರಾಂಶವೆಂಬುದು ಒಂದು ಬಗೆ. ಅದರ ಒಳಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಅದರ ಪಾಲಕರ ಒಪ್ಪಿಗೆಗೆ ಕಳುಹಿಸಬಹುದು. ಗ್ನೋಮ್, ಫೈರ್‌ಫಾಕ್ಸ್ ಮೊದಲಾದವು ಕನ್ನಡದಲ್ಲಿ ದೊರೆತದ್ದು ಹೀಗೆ ದುಡಿದವರ ದೆಸೆಯಿಂದ. ತುಮಕೂರಿನ ಒಬ್ಬ ವಿದ್ಯಾರ್ಥಿ ಇಂಥದೊಂದು ತಿದ್ದುಪಡಿಯನ್ನು ಕಳುಹಿಸಿದನೆನ್ನೋಣ. ಪಾಲಕರು ನಾಲ್ಕು ದೋಷಗಳನ್ನು ತೋರಿಸಿ ಸರಿಪಡಿಸೆಂದರು. ಅಷ್ಟರಲ್ಲಿ ಪರೀಕ್ಷೆ, ಉದ್ಯೋಗ, ಮನೆಯಲ್ಲಿ ಕಾಯಿಲೆ, ಉತ್ತರವಿಲ್ಲ. ಆರು ತಿಂಗಳ ಮೇಲೆ ಬೇರೊಬ್ಬಳು ಅದನ್ನು ಕೈಗೆತ್ತಿಕೊಂಡರೆ ಅದು ಉಪಕಾರವೋ, ಅಪಹಾರವೋ?

ಪರವಾನಗಿಯ ದೃಷ್ಟಿಯಿಂದ ಅಡ್ಡಿಯಿಲ್ಲ. ಆದರೆ ಮೌನವನ್ನೇ ತ್ಯಾಗವೆಂದೆಣಿಸುವುದು ಅವಸರದ ತೀರ್ಮಾನ. ಡೆಬಿಯನ್ ಸಂಘದವರ ನಿಯಮ ಇಲ್ಲಿ ಗಮನಾರ್ಹವಾದುದು. ಪಾಲಕನು ಕೈಬಿಟ್ಟಂತೆ ಕಾಣುವ ತಂತ್ರಾಂಶವನ್ನು ವಹಿಸಿಕೊಳ್ಳಬಯಸುವವನು ತನ್ನ ಉದ್ದೇಶವನ್ನು ಬಹಿರಂಗವಾಗಿ ತಿಳಿಸಿ ಕಡೆಯಪಕ್ಷ 21 ದಿನ ಕಾಯಬೇಕು. ಪಾಲಕನು ಆಕ್ಷೇಪಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ಹಾಸಿಗೆ ಹಿಡಿದವನಿಗೆ 21 ದಿನ ಸಾಲದೆನ್ನಬಹುದು. ದಿನಗಳ ಲೆಕ್ಕಕ್ಕಿಂತ ಕೇಳಿದ್ದು ಮುಖ್ಯ.

ಇನ್ನು ಹೆಸರಿನ ಮಾತು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಳ್ವಿಕೆಯಲ್ಲಿ (1509–1529) ತಿಮ್ಮಣ್ಣ ಕವಿಯು ಮುಂದುವರಿಸಿದನು. ಹಿಂದಿನ ಹತ್ತು ಪರ್ವಗಳು ಇಂದಿಗೂ ಕುಮಾರವ್ಯಾಸನವೇ. ತಿಮ್ಮಣ್ಣನ ಗ್ರಂಥಕ್ಕೆ ಮಾತ್ರ ಬಂದ ಹೆಸರು ಕೃಷ್ಣರಾಯಭಾರತ. ಬರೆಸಿದವನ ಭಾಗ್ಯ ಅಂಥದು! ಕಾವ್ಯದಲ್ಲಿ ಹೀಗೆ ಗಡಿ ಕಾಣುತ್ತದೆ. ತಂತ್ರಾಂಶದಲ್ಲಾದರೋ ಮೊದಲಿನವನ ಸಾಲುಗಳನ್ನೇ ಅಳಿಸಿ ಬರೆಯಬೇಕಾದೀತು. ಕೊನೆಗೆ ಅವನದೆಂಬ ಒಂದು ಸಾಲೂ ಉಳಿಯದಿದ್ದೀತು. ಆಗಲೂ ಅವನ ಹೆಸರಿರಬೇಕೆ? ಇರಬೇಕು. ಕೊರತೆ ಎಲ್ಲಿದೆಯೆಂದು ಮೊದಲು ಕಂಡವನು ಅವನು. ಎರಡನೆಯವಳು ಹೊರಟದ್ದು ಅವನು ಸವೆಸಿದ ದಾರಿಯಲ್ಲಿ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ಎಂಬ ದಾಖಲೆಯ ವ್ಯವಸ್ಥೆಯು ಬರೆದವರ ಹೆಸರನ್ನೂ ಸೇರಿಸಿದವರ ಹೆಸರನ್ನೂ ಪ್ರತ್ಯೇಕವಾಗಿಯೇ ಇಡುತ್ತದೆ. ಇದು ಬರಿಯ ಮರ್ಯಾದೆಯ ಮಾತಲ್ಲ. ಎರಡನೆಯವಳು ಮಾಡಿದ ತಪ್ಪು ಊರಲ್ಲಿಲ್ಲದವನ ತಲೆಗೆ ಬರಬಾರದು. ಹೆಸರುಗಳೆರಡಿದ್ದರೆ ಹೊಣೆಯೂ ಎರಡಾಗಿ ನಿಲ್ಲುತ್ತದೆ.

ಒಂದು ದಿನ ಮೊದಲಿನವನು ಮರಳಿ ಬಂದು ತನ್ನ ಕೆಲಸ ಮುಗಿದಿರುವುದನ್ನು ಕಂಡು ನೊಂದುಕೊಂಡರೆ? ಆ ನೋವು ಸಹಜವಾದುದು. ತನ್ನ ಹೆಸರು ಎಲ್ಲಿದೆಯೆಂದು ಅವನು ಕೇಳಬಹುದು, ಮುಗಿಸಿದ ರೀತಿ ಸರಿಯಿಲ್ಲವೆಂದು ವಾದಿಸಬಹುದು. ಮುಗಿದದ್ದನ್ನು ಅಳಿಸಿರೆನ್ನುವುದಕ್ಕೆ ಮಾತ್ರ ಅಧಿಕಾರವಿಲ್ಲ. ಅಷ್ಟರಲ್ಲಿ ಅದು ಕಂಡರಿಯದ ಎಷ್ಟೋ ಜನರ ಬಳಕೆಗೆ ಸೇರಿಹೋಗಿರುತ್ತದೆ. ಹೊರಡುವಾಗಲೇ ‘ಇನ್ನು ನನ್ನಿಂದಾಗದು, ಬೇಕಾದವರು ಮುಂದುವರಿಸಲಿ’ ಎಂದು ಒಂದು ಸಾಲು ಬರೆದಿಟ್ಟಿದ್ದರೆ ಆ ಹುಡುಗಿ ಆರು ತಿಂಗಳು ಅನುಮಾನಿಸುತ್ತ ಕೂಡಬೇಕಾಗಿರಲಿಲ್ಲ. ಆ ಒಂದು ಸಾಲನ್ನು ಬರೆಯುವುದಕ್ಕೆ ಬುದ್ಧಿವಂತ ಹುಡುಗರಿಗೇ ಏಕೋ ಹೆಚ್ಚು ಸಂಕೋಚ.