ದೂರದ ಮನೆ, ಹತ್ತಿರದ ಋಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ತನ್ನ ಮನೆಯನ್ನು ಕಟ್ಟುವುದೇ ಇಷ್ಟು ಕಷ್ಟವಾಗಿರುವಾಗ, ಪರರ ಮನೆಯನ್ನು, ಅದೂ ಪರದೇಶಕ್ಕೆ ಹೋಗಿ, ತನ್ನದೇ ಖರ್ಚಿನಲ್ಲಿ ಕಟ್ಟಿಕೊಟ್ಟು ಬರುವವರನ್ನು ಏನೆನ್ನಬೇಕು? ಈ ಪ್ರಶ್ನೆ ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲೇ ಎದ್ದಿತು.

ಕಾಲೇಜಿನಲ್ಲಿ ಓದುತ್ತಿರುವ ಮಗಳು ಒಂದು ಸಂಜೆ, "ಅಪ್ಪಾ, ಕಾಂಬೋಡಿಯಾದಾಗ ಬಡವರಿಗೆ ಮನಿ ಕಟ್ಟಿಕೊಡಾಕ ನಮ್ಮ ಗೆಳತ್ಯಾರು ಹೊಂಟಾರ. ಹತ್ತು ದಿನ ಅಷ್ಟ. ನಾನೂ ಹೋಗ್ಲೇನು?" ಎಂದು ಕೇಳಿದಳು. ವಿಮಾನ, ವೀಸಾ, ವಸತಿ ಎಲ್ಲ ಸೇರಿ 1,10,000 ರೂಪಾಯಿ. ಗುಮಾಸ್ತನ ಬುದ್ಧಿ ಕೂಡಲೇ ಲೆಕ್ಕಕ್ಕಿಳಿಯಿತು. ಒಬ್ಬ ಗೌಂಡಿಗೆ ದಿನಕ್ಕೆ ಸಾವಿರ ರೂಪಾಯಿ ಎಂದು ಹಿಡಿದರೂ ಅದು 110 ದಿನಗಳ ಕೂಲಿ. ನನ್ನ ಮಗಳು ಹತ್ತು ದಿನದಲ್ಲಿ ಎಷ್ಟು ಇಟ್ಟಿಗೆ ಇಟ್ಟಾಳು? ಬಿ.ಎಸ್ಸಿ.ಯಲ್ಲಿ ಓದಿದ ಪ್ರಕಾರ ಕಾರ್ಯವೆಂದರೆ ಬಲ ಮತ್ತು ಸ್ಥಾನಪಲ್ಲಟಗಳ ಗುಣಲಬ್ಧ. ಇಲ್ಲಿ ಸ್ಥಾನಪಲ್ಲಟವೇನೋ ಸಾವಿರಾರು ಮೈಲಿ. ಬಲ ಮಾತ್ರ ಅಷ್ಟಕ್ಕಷ್ಟೇ!

ಆದರೆ ಹೀಗೆ ನಕ್ಕು ಮುಗಿಸುವ ವಿಷಯ ಇದಲ್ಲವೆಂದು ಆಮೇಲೆ ತೋರಿತು. ಏಕೆಂದರೆ ಈ ದಾರಿಯಲ್ಲಿ ನಡೆದವರಲ್ಲಿ ನಗುವಂಥವರಲ್ಲದ ಹಿರಿಯರೂ ಇದ್ದಾರೆ.

ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರರು ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವೆರ್ಡನ್ ಬಳಿ ಹಾಳಾಗಿದ್ದ ಒಂದು ಹಳ್ಳಿಯನ್ನು ಮರಳಿ ಕಟ್ಟಲು ಹಲವು ದೇಶಗಳ ಸ್ವಯಂಸೇವಕರೊಡನೆ ಹೋದರು. ಅವರಲ್ಲಿ ಜರ್ಮನರೂ ಇದ್ದರು. ಕೆಡವಿದ ದೇಶದವರೇ ಕಟ್ಟಲು ಬಂದಿದ್ದರೆಂಬುದು ಇದರ ವಿಶೇಷ. ಸ್ಥಳೀಯರ ಮನಸ್ಸು ಇನ್ನೂ ಹಸಿಯಾಗಿತ್ತು. ಕೆಲವೇ ತಿಂಗಳಲ್ಲಿ ಶಿಬಿರವನ್ನು ಮುಚ್ಚಬೇಕಾಯಿತು. ಆದರೂ ಅವರು ಕೈಬಿಡಲಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಸೆರೆಸೋಲರು ಭಾರತಕ್ಕೆ ಬಂದು, ಮನೆ ಕಳೆದುಕೊಂಡ ರೈತರೊಡನೆ ಹಳ್ಳಿ ಕಟ್ಟುವ ಕೆಲಸಕ್ಕೆ ನಿಂತರು. ಆಗ ಅವರಿಗೆ 50 ದಾಟಿತ್ತು. ಬಿಳಿಯ ಸಾಹೇಬನೊಬ್ಬ ಮಣ್ಣಿನ ಕೆಲಸಕ್ಕೆ ಇಳಿಯುವುದು ಅಂದಿನ ಭಾರತದಲ್ಲಿ ಎಂಥ ದೃಶ್ಯವಾಗಿದ್ದಿರಬಹುದು, ಓದುಗರೇ ಊಹಿಸಬೇಕು.

ಇನ್ನೊಂದು ಉದಾಹರಣೆ ನಮ್ಮ ಪುಣೆಯ ಮಗ್ಗುಲಲ್ಲೇ ಇದೆ. ಲೋಣಾವಳದ ಲೋಕಲ್ ರೈಲಿನಲ್ಲಿ ಓಡಾಡುವವರಿಗೆ ಮಳವಲಿ ಸ್ಟೇಷನ್ ಪರಿಚಿತ. ಅಲ್ಲಿ 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರರು ತಮ್ಮ 82ನೆಯ ವಯಸ್ಸಿನಲ್ಲಿ ಪತ್ನಿಯೊಡನೆ ಬಂದು, ದೇಶವಿದೇಶಗಳ ಸ್ವಯಂಸೇವಕರ ಜೊತೆ 100 ಮನೆಗಳ ಕೆಲಸದಲ್ಲಿ ತೊಡಗಿದ್ದರು. 1976ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆಯ ಕಾರ್ಯ ಅದು. ಕಾರ್ಟರರ ತಾಯಿ ಲಿಲಿಯನ್ ಅವರಂತೂ 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಪೀಸ್ ಕೋರ್ ಸ್ವಯಂಸೇವಕಿಯಾಗಿ ಮುಂಬಯಿಯ ವಿಕ್ರೋಳಿಗೆ ಬಂದು ಸುಮಾರು ಎರಡು ವರ್ಷ ರೋಗಿಗಳ ಶುಶ್ರೂಷೆ ಮಾಡಿದವರು.

ಈ ಸಂಸ್ಥೆಯ ಪದ್ಧತಿಯಲ್ಲಿ ನನಗೆ ಹಿಡಿಸಿದ ಅಂಶವೊಂದಿದೆ. ಮನೆ ದಾನವಲ್ಲ. ಮನೆ ಪಡೆಯುವ ಕುಟುಂಬವೂ ಕಟ್ಟುವ ಕೆಲಸದಲ್ಲಿ ತಾನೇ ಬೆವರು ಸುರಿಸಬೇಕು. ತಗಲಿದ ವೆಚ್ಚವನ್ನು ಲಾಭವಿಲ್ಲದ ಸುಲಭ ಕಂತುಗಳಲ್ಲಿ ತೀರಿಸಬೇಕು ಎಂಬುದು ಅದರ ಮೂಲ ಕಲ್ಪನೆ. ಆಗ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ ಎಂಬುದಿಲ್ಲ. ಎರಡೂ ಕೈಗಳು ಒಂದೇ ಇಟ್ಟಿಗೆಯ ಮೇಲಿರುತ್ತವೆ. ದುಡ್ಡು ಕಳಿಸಿದ್ದರೆ ಗೋಡೆ ಬೇಗ ಏಳುತ್ತಿತ್ತು, ನಿಜ. ಆದರೆ 'ನಿನಗಾಗಿ ನಾನು ಬಿಸಿಲಲ್ಲಿ ನಿಲ್ಲಬಲ್ಲೆ' ಎಂಬ ಮಾತು ಮನಿಯಾರ್ಡರಿನಲ್ಲಿ ಹೋಗುವುದಿಲ್ಲ. ಮಗಳ ಪರವಾಗಿ ಇಷ್ಟು ವಾದವನ್ನು ನಾನೇ ಹೂಡಿಕೊಂಡೆ.

ಎದುರು ವಾದವೂ ಹಗುರವಲ್ಲ. ಹತ್ತು ದಿನದ ಅತಿಥಿಗೆ ಕರಣೆ ಹಿಡಿಯಲು ಕಲಿಸುವುದರಲ್ಲೇ ಅಲ್ಲಿಯ ಗೌಂಡಿಯ ನಾಲ್ಕು ದಿನ ಹೋಗುತ್ತದೆ. ಬಿಟ್ಟಿ ಕೈಗಳು ಬಂದಲ್ಲಿ ಕೂಲಿಯ ಕೈಗಳು ಖಾಲಿಯಾಗುವ ಸಂಭವವೂ ಉಂಟು. ಮೇಲಾಗಿ, ಮನೆಯವರ ಬಡತನದ ಜೊತೆ ನಿಂತು ತೆಗೆಸಿಕೊಂಡ ಫೋಟೋ ಊರಿಗೆ ಬಂದ ಮೇಲೆ ಯಾರ ಗೋಡೆಯನ್ನು ಅಲಂಕರಿಸುತ್ತದೆ?

ಆದರೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ. ದೂರದ ಕಷ್ಟ ನಮ್ಮನ್ನು ಇಷ್ಟು ಬೇಗ ಕರೆಯುವುದೇಕೆ? ದೂರದವನಿಗೆ ಮಾಡಿದ್ದು ಉಪಕಾರ. ಅದಕ್ಕೆ ಆರಂಭವಿದೆ, ಮುಕ್ತಾಯವಿದೆ, ಕೃತಜ್ಞತೆಯ ಕಣ್ಣೀರಿದೆ, ವಾಪಸು ಬರುವ ಟಿಕೇಟಿದೆ. ಹತ್ತಿರದವನದು ಉಪಕಾರದ ಲೆಕ್ಕವಲ್ಲ, ಋಣದ ಲೆಕ್ಕ. ಋಣ ನಾಳೆಯೂ ಬಾಗಿಲಲ್ಲಿ ನಿಲ್ಲುತ್ತದೆ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಮಾತನ್ನು ಮಗಳಿಗೆ ಉಪದೇಶವಾಗಿ ಹೇಳಬೇಕೆಂದು ಬಾಯಿ ತೆರೆದವನಿಗೆ ನನ್ನದೇ ಒಂದು ಬಾಕಿ ನೆನಪಾಗಿ ಬಾಯಿ ಕಟ್ಟಿತು.

2014ರಲ್ಲಿ ಸರ್ಕಾರದ ಗೃಹನಿರ್ಮಾಣ ಮುಂಗಡ ಪಡೆದು ಈಗಿರುವ ಎರಡು ಕೋಣೆಗಳ ಮನೆಯನ್ನು ಕೊಂಡೆ. ಕಟ್ಟಡ ಏಳುತ್ತಿದ್ದಾಗ ಭಾನುವಾರಗಳಂದು ಹೋಗಿ ನೋಡಿ ಬರುವುದು ನಮ್ಮ ಸಂಭ್ರಮವಾಗಿತ್ತು. ಒಂದು ಮಧ್ಯಾಹ್ನ ತಲೆಯ ಮೇಲೆ ಉಸುಕಿನ ಪುಟ್ಟಿ ಹೊತ್ತಿದ್ದ ಹೆಣ್ಣುಮಗಳೊಬ್ಬಳು, "ಬಿಸಲಾಗ ಆಡಬ್ಯಾಡೋ, ನೆಳ್ಳಿಗೆ ಬಾ" ಎಂದು ತನ್ನ ಮಗುವನ್ನು ಕೂಗಿದಳು. ಕನ್ನಡ! ಆದರೆ ನಾನು ಕಂಟ್ರಾಕ್ಟರನೊಡನೆ ಹಿಂದಿಯಲ್ಲಿ ಟೈಲ್ಸಿನ ಬಣ್ಣದ ಬಗ್ಗೆ ವಾದಿಸುವುದರಲ್ಲಿದ್ದೆ; ತಿರುಗಿ ಮಾತನಾಡಿಸಲಿಲ್ಲ. ನಾವು ದಂಪತಿಗಳು ಮೆಟ್ಟಿಲಿಳಿಯುತ್ತ ಮಾತನಾಡಿಕೊಳ್ಳುವುದನ್ನು ಕೇಳಿ ಅವಳೇ ಹತ್ತಿರ ಬಂದಳು. ಯಾದಗಿರಿ ಕಡೆಯವಳಂತೆ.

"ಈ ಮನಿ ನಿಮ್ದೇನ್ರೀ ಅಣ್ಣಾರ?"

"ಹೌದವ್ವಾ."

"ಛಲೋ ಆತು ಬಿಡ್ರೀ. ನಮ್ಮ ಮಂದೀಗೇ ಆತಲ್ಲ."

ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳ ವಾಸ. ನಮಗಾಗಿ ನಾಲ್ಕು ಗೋಡೆ ಕಟ್ಟುತ್ತ ತಾನು ಗೋಡೆಯಿಲ್ಲದೆ ಇದ್ದವಳಿಗೆ, ಆ ಮನೆ 'ನಮ್ಮ ಮಂದಿ'ಗೆ ಹೋಯಿತೆಂಬ ಸಂತೋಷ! ಗೃಹಪ್ರವೇಶಕ್ಕೆ ಇನ್ನೂರು ಜನರನ್ನು ಕರೆದೆವು. ಅವಳನ್ನು ಕರೆಯಬೇಕೆಂದು ಹೊಳೆದಾಗ ಶೆಡ್ಡು ಕಿತ್ತು ಹೋಗಿತ್ತು. ಹೆಸರನ್ನೂ ನಾನು ಕೇಳಿರಲಿಲ್ಲ.

ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಾ ಹೋಗಬಾರದೇನು?" ಎಂದಳು. ಹೋಗಬಾರದೆಂದು ಹೇಳುವ ಅಧಿಕಾರ ನನಗಿದೆಯೆಂದು ಅನಿಸಲಿಲ್ಲ. ಹತ್ತಿರದವರಿಗೂ ಮಾಡದೆ ದೂರದವರಿಗೆ ಮಾಡುವವರನ್ನೂ ಟೀಕಿಸುವುದು ನನ್ನಂಥವರಿಗೆ ಬಲು ಸುಲಭ. "ಹೋಗು, ಅರ್ಧ ಹಣ ನಾನು ಕೊಡುತ್ತೇನೆ, ಉಳಿದದ್ದನ್ನು ನೀನೇ ದುಡಿದು ಕೂಡಿಸು. ಅಷ್ಟರೊಳಗೆ ನಮ್ಮ ಓಣಿಯ ಹಿಂದೆ ಏಳುತ್ತಿರುವ ಕಟ್ಟಡಕ್ಕೆ ಭಾನುವಾರ ಹೋಗಿ ಬಾ" ಎಂದೆ. ಅವಳು ಹೋದಳು. ಮರಳಿ ಬಂದು, "ಅಪ್ಪಾ, ಅವರಿಗೆ ನನ್ನಕಿಂತ ನೀವ ಹೆಚ್ಚು ಬೇಕಾಗೀರಿ" ಎಂದಳು.

ವಿಷಯ ಇಷ್ಟು. ಕಟ್ಟಡ ಕಾರ್ಮಿಕರಿಗಾಗಿ ಕಾನೂನಿದೆ. ಹದಿನೆಂಟರಿಂದ ಅರವತ್ತರೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರವಿದ್ದರೆ, ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡು ಸಹಾಯ ಪಡೆಯಬಹುದು. ಅದಕ್ಕೆಂದೇ ಕಟ್ಟಡದ ವೆಚ್ಚದ ಮೇಲೆ ಕರ ವಸೂಲಾಗುತ್ತದೆ. ಆದರೆ ಅರ್ಜಿ ತುಂಬುವವರಾರು? ಆ ಶೆಡ್ಡಿನ ಹದಿನಾಲ್ಕು ಕನ್ನಡ ಕುಟುಂಬಗಳಲ್ಲಿ ಒಬ್ಬರ ಹೆಸರೂ ಮಂಡಳಿಯಲ್ಲಿರಲಿಲ್ಲ. ನನಗೆ ಕರಣೆ ಹಿಡಿಯಲು ಬಾರದು. ಇಪ್ಪತ್ತು ವರ್ಷಗಳಿಂದ ಮಾಡುತ್ತ ಬಂದದ್ದು ಅರ್ಜಿ, ನಮೂನೆ, ಲಗತ್ತುಗಳ ಕೆಲಸವೊಂದೇ. ಈಗ ಐದು ಭಾನುವಾರಗಳಿಂದ ಅದನ್ನೇ ಅಲ್ಲಿ ಕುಳಿತು ಮಾಡುತ್ತಿದ್ದೇನೆ. ಮೊದಲು ಹೆಸರು ಕೇಳುತ್ತೇನೆ. ಅರ್ಜಿಯ ಮೊದಲ ಸಾಲೇ ಅದು.

ಮಗಳು ಡಿಸೆಂಬರಿನಲ್ಲಿ ಹೊರಡುತ್ತಾಳೆ. ಹೋಗಿ ಬರಲಿ. ಸೆರೆಸೋಲರು ಗಡಿ ದಾಟಿ ಬಂದದ್ದರಿಂದ ನಮಗೆ ನಷ್ಟವೇನೂ ಆಗಲಿಲ್ಲ. ಆದರೆ ಈ ಊರುಗಳಲ್ಲಿ ನೆಲೆಸಿರುವ ನಾವು ಕನ್ನಡಿಗರು ನಮ್ಮ ನೆತ್ತಿಯ ಮೇಲಿನ ಸೂರನ್ನು ಹೊತ್ತು ತಂದ ತಲೆಗಳು ಯಾರವೆಂದು ಒಮ್ಮೆ ವಿಚಾರಿಸಬೇಕು. ನಮ್ಮ ಸಂಘದಲ್ಲಿ ಅರ್ಜಿ ತುಂಬಬಲ್ಲ ಗುಮಾಸ್ತರಿಗೇನು ಕೊರತೆಯೇ? ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಡುವಿದ್ದವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು. ಪೆನ್ನು ಅವರವರದೇ ತರಬೇಕು.