ಕುಡಿಯೊಡೆಯುವ ತುದಿ

ಉಡುಪಿ ಬಳಿಯ ಸಂತೆಕಟ್ಟೆಯಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿ ಬಿಟ್ಟು, ಕೆಮ್ಮಣ್ಣು, ಹೂಡೆ ದಾಟಿ ಬಡಗಕ್ಕೆ ಹೊರಳಿದರೆ ನೆಲ ಸಪೂರವಾಗುತ್ತ ಹೋಗುತ್ತದೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸುವರ್ಣಾ ನದಿ, ನಡುವೆ ಒಂದು ರಸ್ತೆ, ಒಂದಿಷ್ಟು ಮನೆ, ತೆಂಗಿನ ಸಾಲು. ಒಂದು ಕಿವಿಗೆ ಅಲೆಯ ಮೊರೆತ, ಇನ್ನೊಂದಕ್ಕೆ ಹೊಳೆಯ ಮೌನ. ಕೊನೆಗೆ ರಸ್ತೆಯೂ ಮುಗಿದು ಮರಳಷ್ಟೇ ಉಳಿಯುತ್ತದೆ. ಇದು ಕೋಡಿಬೆಂಗ್ರೆ.

ಘಟ್ಟದಿಂದ ಇಳಿದು ಬಂದ ಸುವರ್ಣೆ ಕಡಲಿಗೆ ಇಷ್ಟು ಹತ್ತಿರವಾದ ಮೇಲೂ ನೇರ ಹೋಗಿ ಸೇರುವುದಿಲ್ಲ. ಮರಳಿನ ಪಟ್ಟಿ ಅಡ್ಡ ಇದೆ. ಬಡಗಕ್ಕೆ ತಿರುಗಿ, ಕಡಲ ಮಗ್ಗುಲಲ್ಲೇ ನಡೆದು, ಹಂಗಾರಕಟ್ಟೆಯ ಬಳಿ ಸೀತಾ ನದಿಯನ್ನು ಕೂಡಿಕೊಂಡು ಒಂದೇ ಅಳಿವೆಯಲ್ಲಿ ಇಳಿಯುತ್ತಾಳೆ. ಆ ಮರಳಾದರೂ ಯಾರದು? ಮಳೆಗಾಲದಲ್ಲಿ ಹೊಳೆಗಳು ಹೊತ್ತು ತಂದದ್ದನ್ನೇ ಅಲೆಗಳು ದಡದುದ್ದಕ್ಕೂ ಒಟ್ಟಿ ದಿಬ್ಬ ಮಾಡಿವೆ. ತಾನು ಕೊಟ್ಟ ಮರಳೇ ಹೊಳೆಗೆ ದಾರಿ ತೋರಿಸುತ್ತಿದೆ.

ಇಲ್ಲಿನ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡರೆ ನಕ್ಷೆ ಬೇಡ. ಕೆಮ್ಮಣ್ಣಿನಲ್ಲಿ ಮಣ್ಣಿನ ಬಣ್ಣವಿದೆ. ಮೂಡುತೋನ್ಸೆ, ಪಡುತೋನ್ಸೆಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿದೆ. ಹೊಳೆಯ ನಡುಗಡ್ಡೆ ಕುದ್ರು. ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳುನೆಲ ಬೆಂಗ್ರೆ. ಮಂಗಳೂರಿನಲ್ಲಿ ಫಲ್ಗುಣಿ ಹೊಳೆಯಾಚೆಗೂ ಒಂದು ಕಸಬಾ ಬೆಂಗ್ರೆ ಇದೆ. ದೋಣಿ ನಡೆಸಿ, ಬಲೆ ಎಳೆದು ಬದುಕಿದವರ ಬಾಯಲ್ಲಿ ಉಳಿದ ಹೆಸರುಗಳಿವು.

ಇನ್ನು ಕೋಡಿ. ಕೆರೆ ತುಂಬಿ ನೀರು ಹೊರಬೀಳುವ ಜಾಗಕ್ಕೆ ಕನ್ನಡದಲ್ಲಿ ಕೋಡಿ ಎನ್ನುತ್ತೇವೆ. ಆ ಪದವನ್ನು ಇಲ್ಲಿ ಕೇಳಿದಾಗ ನನ್ನ ಕಿವಿಗೆ ತುಳುವಿನ ‘ಕೊಡಿ’ಯೂ ಜೊತೆಯಲ್ಲೇ ಬೀಳುತ್ತದೆ. ಕೊಡಿಯೆಂದರೆ ತುದಿ, ಕೊಡಿಯೆಂದರೆ ಚಿಗುರು. ನಮ್ಮ ‘ಕುಡಿ’ಯೂ ಹಾಗೆಯೇ. ಬಳ್ಳಿ ಮುಗಿಯುವುದು ಕುಡಿಯಲ್ಲಿ, ಬೆಳೆಯುವುದೂ ಅಲ್ಲೇ. ಕೊನೆಗೂ ಮೊದಲಿಗೂ ಒಂದೇ ಮಾತು ಸಾಕೆಂದು ನಮ್ಮ ಹಿರಿಯರಿಗೆ ಹೇಗೆ ಹೊಳೆಯಿತೋ!

ಅಳಿವೆಯ ಬಾಯಲ್ಲಿ ನಿಂತರೆ ಆ ಮಾತು ಕಣ್ಣಿಗೇ ಕಾಣುತ್ತದೆ. ಮಳೆಗಾಲದ ಕಡಲು ತುದಿಯ ಮರಳನ್ನು ಕೊರೆದು ಒಯ್ಯುತ್ತದೆ. ಮಳೆ ಹಿಂದಾಗಿ ಕಡಲು ತಣಿದ ಮೇಲೆ ಅಲೆಗಳು ಅದನ್ನೇ ಹಿಡಿಹಿಡಿಯಾಗಿ ತಂದು ಸುರಿಯುತ್ತವೆ. ಹೋದ ವರ್ಷ ನಾನು ನಿಂತಿದ್ದ ಜಾಗ ಈಗ ನೀರಿನಡಿ ಇದೆ. ಅದರ ಮಗ್ಗುಲಲ್ಲಿ ಆಗ ಇಲ್ಲದ ನೆಲ ಎದ್ದಿದೆ. ಇನ್ನೂ ಯಾರ ಹೆಜ್ಜೆಯೂ ಬೀಳದ ಆ ಮರಳಲ್ಲಿ, ಸಂಜೆಬಿಸಿಲಿಗೆ, ಪುಟ್ಟ ಏಡಿಯೊಂದು ಆಗಲೇ ಮನೆ ತೋಡುತ್ತಿತ್ತು.