ಪಾರ್ಥಿವ

ಬೆಳಗಿನಲ್ಲಿ ಎಚ್ಚೆತ್ತು ನೆಲಕ್ಕೆ ಕಾಲಿಡುವ ಮುನ್ನ, ಸಮುದ್ರವನ್ನೇ ವಸ್ತ್ರವಾಗಿ ಉಟ್ಟಿರುವ ಭೂದೇವಿಯನ್ನು ನೆನೆದು, ತನ್ನ ಪಾದಸ್ಪರ್ಶವನ್ನು ಮನ್ನಿಸಬೇಕೆಂದು ಬೇಡಿಕೊಳ್ಳುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ನಮ್ಮ ಅಜ್ಜಿ ಆ ಶ್ಲೋಕವನ್ನು ಹೇಳಿಕೊಳ್ಳುತ್ತ, ಬೆರಳ ತುದಿಗಳನ್ನು ಗಾರೆಯ ನೆಲಕ್ಕೆ ತಾಗಿಸಿ ಕಣ್ಣಿಗೊತ್ತಿಕೊಂಡ ಮೇಲೆಯೇ ಎದ್ದು ನಿಲ್ಲುತ್ತಿದ್ದರು. ಅಂದು ನನಗೆ ಹೊಳೆಯದಿದ್ದ ಪ್ರಶ್ನೆಯೊಂದು ಈಗ ಬಿಡದೆ ಕಾಡುತ್ತಿದೆ: ಕ್ಷಮಿಸಬಲ್ಲುದೇನಾದರೂ ಆ ನೆಲದೊಳಗೆ ಉಂಟೇ? ಇಲ್ಲವಾದರೆ, ಜಡವಾದ ಕಲ್ಲುಮಣ್ಣಿನ ಮುಂದೆ ಚೇತನನಾದ ಮನುಷ್ಯನು ತಲೆಬಾಗುವುದಕ್ಕೆ ಅರ್ಥವೇನು?

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಹೆಬ್ಬಂಡೆಯ ಮೇಲೆ ಕುಳಿತಾಗಲೆಲ್ಲ ಈ ಪ್ರಶ್ನೆ ನನಗೆ ಮತ್ತಷ್ಟು ಸಮೀಪವಾಗುತ್ತದೆ. ನೈಸ್ ಎಂದು ಭೂವಿಜ್ಞಾನಿಗಳು ಕರೆಯುವ ಆ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಬಗ್ಗಿ ನೋಡಿದರೆ ಕಪ್ಪು ಬಿಳಿ ಪಟ್ಟಿಗಳು ಒಂದರೊಳಗೊಂದು ಸುತ್ತಿಕೊಂಡು, ಸೇರಿಕೊಂಡು, ಮತ್ತೆ ಅಗಲಿ, ಹರಿಯುವ ನೀರು ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿದಂತೆ ಕಾಣುತ್ತವೆ; ನಡುನಡುವೆ ಕಾಗೆಬಂಗಾರದ ಚೂರುಗಳು ಬಿಸಿಲಿಗೆ ಮಿನುಗುತ್ತವೆ. ಭೂಗರ್ಭದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಒಮ್ಮೆ ಮೆತ್ತಗಾಗಿ ಮಡಿಕೆಬಿದ್ದ ಕಲ್ಲು ಅದು. ಅಚಲವೆಂದು ನಾವು ಕೊಂಡಾಡುವ ವಸ್ತುವಿನ ಮೈಮೇಲೆಯೇ ಅದರ ಚಲನೆಯ ಚರಿತ್ರೆ ಬರೆದಿದೆ.

ಆ ಬಂಡೆಯ ಕೆಳಗೆ ಭೂಕೇಂದ್ರದವರೆಗೆ ಸುಮಾರು 6,370 ಕಿಲೋಮೀಟರ್ ದೂರ. ಮನುಷ್ಯನು ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ ಬಹು ವರ್ಷಗಳ ಕಾಲ ಕೊರೆದು ಮುಟ್ಟಿದ ಆಳವಾದರೋ ಹನ್ನೆರಡು ಕಿಲೋಮೀಟರಿಗೆ ತುಸು ಹೆಚ್ಚು. ಕಣ್ಣು ಹೋಗಲಾರದ ಆ ಲೋಕದ ಸುದ್ದಿಯನ್ನು ತಂದುಕೊಟ್ಟುದು ಭೂಕಂಪದ ಅಲೆಗಳು. 1897ರ ಅಸ್ಸಾಮಿನ ಮಹಾಭೂಕಂಪವನ್ನು ಅಭ್ಯಾಸಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಓಲ್ಡ್‌ಹ್ಯಾಮ್, ಭೂಮಿಗೆ ಬೇರೆಯೇ ಆದ ತಿರುಳೊಂದಿರುವುದನ್ನು 1906ರಲ್ಲಿ ತೋರಿಸಿದನು. ಆ ತಿರುಳಿನ ನಡುವೆ ಘನವಾದ ಮತ್ತೊಂದು ಗೋಳವಿದೆಯೆಂದು ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ವಿದುಷಿ 1936ರಲ್ಲಿ ಕಂಡುಕೊಂಡಳು. ಹೊರಗಿನ ಶಿಲಾಕವಚ, ಅದರಡಿ 2,900 ಕಿಲೋಮೀಟರ್ ಆಳದವರೆಗೆ ಬಹು ನಿಧಾನವಾಗಿ ಹೊರಳುವ ಬಿಸಿಶಿಲೆ, ಅದಕ್ಕೂ ಕೆಳಗೆ ದ್ರವರೂಪದ ಕಬ್ಬಿಣ, ಕಟ್ಟಕಡೆಗೆ ಸೂರ್ಯನ ಮೇಲ್ಮೈಗೆ ಸಮೀಪವಾದ ಶಾಖವಿದ್ದರೂ ಮೇಲಿನ ಭಾರಕ್ಕೆ ಕರಗಲಾರದೆ ಗಟ್ಟಿಯಾಗಿಯೇ ಉಳಿದಿರುವ ಲೋಹದ ಗೋಳ. ಆ ದ್ರವ ಕಬ್ಬಿಣದ ಹರಿವಿನಿಂದಲೇ ಕಾಂತಕ್ಷೇತ್ರವು ಹುಟ್ಟಿ, ಸೂರ್ಯನಿಂದ ಬೀಸಿಬರುವ ಕಣಗಳ ಗಾಳಿಯ ಬಹುಭಾಗವನ್ನು ದೂರಕ್ಕೆ ತಿರುಗಿಸುತ್ತದೆ. ಧರೆ ಎಂಬ ಹೆಸರಿನಲ್ಲಿರುವ ‘ಧರಿಸು’ವ ಕಾರ್ಯವು ನಮ್ಮನ್ನು ಹೊರುವುದರಲ್ಲಿಯೇ ಮುಗಿಯಲಿಲ್ಲ.

ಇಷ್ಟನ್ನು ತಿಳಿದವರು ಪಂಚಭೂತಗಳ ಎಣಿಕೆಯನ್ನು ರಸಾಯನಶಾಸ್ತ್ರದ ಮೂಲವಸ್ತುಗಳ ಪಟ್ಟಿಯೊಡನೆ ಹೋಲಿಸಿ, ಒಂದೋ ಹಿರಿಯರನ್ನು ಅಜ್ಞರೆಂದು ತಳ್ಳಿಬಿಡುತ್ತಾರೆ, ಇಲ್ಲವೇ ಎಲ್ಲವೂ ಅವರಿಗೆ ಮೊದಲೇ ಗೊತ್ತಿತ್ತೆಂದು ಸಾಧಿಸಹೊರಡುತ್ತಾರೆ. ಎರಡೂ ತಪ್ಪು. ವೈಶೇಷಿಕ ದರ್ಶನದವರು ಪೃಥಿವಿಯ ವಿಶೇಷ ಗುಣವು ಗಂಧವೆಂದರು. ಲೋಕವು ಇಂದ್ರಿಯಗಳಿಗೆ ಹೇಗೆ ಒದಗುತ್ತದೆಂಬುದು ಅವರ ವಿಚಾರವಾಗಿತ್ತು. ಅವರು ಅಷ್ಟಕ್ಕೆ ನಿಲ್ಲದೆ, ಗಂಧವನ್ನು ಗ್ರಹಿಸುವ ಘ್ರಾಣೇಂದ್ರಿಯವೂ ಪಾರ್ಥಿವವೇ, ಮನುಷ್ಯನ ಶರೀರವೂ ಪಾರ್ಥಿವವೇ ಎಂದರು. ಬೇಸಗೆಯ ಮೊದಲ ಮಳೆಗೆ ಕಾದ ನೆಲವು ಕಂಪುಬಿಡುವಾಗ, ಆ ಕಂಪನ್ನು ಅರಿಯುವ ಸಾಧನವೂ ಅದೇ ಮಣ್ಣಿನದು! ಈ ಒಂದು ವಿಚಾರದಲ್ಲಿ ವಿಜ್ಞಾನವು ತನ್ನದೇ ದಾರಿಯಿಂದ ಹತ್ತಿರಕ್ಕೆ ಬಂದಿದೆ: ಭೂಮಿಯ ತೂಕದಲ್ಲಿ ಮೂರರಲ್ಲೊಂದು ಪಾಲಿನಷ್ಟಿರುವ ಕಬ್ಬಿಣವೇ ನಮ್ಮ ದೇಹದಲ್ಲಿ ಮೂರು ನಾಲ್ಕು ಗ್ರಾಮಿನಷ್ಟಿದ್ದು, ರಕ್ತಕ್ಕೆ ಕೆಂಪನ್ನಿತ್ತು ಪ್ರಾಣವಾಯುವನ್ನು ಹೊರುತ್ತಿದೆ.

ಹಾಗೆಂದು ಭೂಮಿಗೆ ಅರಿವುಂಟೆಂದು ನಾನು ಹೇಳಲಾರೆ. ವೈಶೇಷಿಕರೂ ಹೇಳಲಿಲ್ಲ, ಆತ್ಮವನ್ನು ಅವರು ಬೇರೆಯ ದ್ರವ್ಯವಾಗಿಯೇ ಎಣಿಸಿದರು. ಆದರೆ ದರ್ಶನಗಳಲ್ಲಿ ಜಡವೆಂದರೆ ತನ್ನನ್ನು ತಾನು ಅರಿಯದುದೆಂದು ಅರ್ಥ. ಅದನ್ನು ನಿಷ್ಪ್ರಯೋಜಕವೆಂದೂ ಸತ್ತುದೆಂದೂ ಮಾಡಿಕೊಂಡವರು ನಾವು, ಗುಡ್ಡವನ್ನು ಸಿಡಿಸಿ ಜಲ್ಲಿಮಾಡಲು ಆ ಅರ್ಥವು ಅನುಕೂಲವಾಗಿದೆ. ತಾಯಿಯ ಋಣವು ಆಕೆ ಅದನ್ನು ಎಣಿಸಿಟ್ಟಿದ್ದಾಳೆಂಬ ಕಾರಣದಿಂದ ಹುಟ್ಟುವುದಿಲ್ಲ. ಕ್ಷಮೆಯನ್ನು ಬೇಡುವವನಿಗೆ ತಾನು ಯಾವುದರಿಂದ ಆದವನೆಂಬ ನೆನಪಿದ್ದರೆ, ಆ ಬೇಡಿಕೆಯು ಸಾರ್ಥಕವೆಂದೇ ನನ್ನ ನಿಶ್ಚಯ.

ಲಾಲ್‌ಬಾಗಿಗೆ ಹೋಗುವ ಓದುಗರು ಆ ಬಂಡೆಯನ್ನು ಏರುವ ಮುನ್ನ ಪಾದರಕ್ಷೆಗಳನ್ನು ಕಳಚಿಟ್ಟು, ಒಂದು ಗಳಿಗೆ ಬರಿಗಾಲಿನಲ್ಲಿ ಅದರ ಮೇಲೆ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.